ದೈವದತ್ತ ನಾದಸಂಪತ್ತು: ಸವಾಯಿ ಗಂಧರ್ವರ ಜೀವನ

ಪುಣೆಯಲ್ಲಿ ಡಿಸೆಂಬರ್ ತಿಂಗಳು ಬಂತೆಂದರೆ ‘ಸವಾಯಿ’ ಎಂಬ ಶಬ್ದವು ಎಲ್ಲರ ಬಾಯಲ್ಲಿಯೂ ನಲಿದಾಡುತ್ತದೆ. ಈ ವರ್ಷ ಸವಾಯಿಗೆ ಯಾರು ಹಾಡುವವರು, ಟಿಕೇಟು ಸಿಕ್ಕಿತೇ ಎಂದು ಪರಸ್ಪರ ವಿಚಾರಿಸುವವರಲ್ಲಿ, ಆ ಹೆಸರು ಒಬ್ಬ ಮನುಷ್ಯನದೆಂಬುದನ್ನೂ ಆತನು ಧಾರವಾಡ ಜಿಲ್ಲೆಯ ಕುಂದಗೋಳದ ಕನ್ನಡಿಗನೆಂಬುದನ್ನೂ ನೆನೆಯುವವರು ವಿರಳ. ಇದೇ ಪುಣೆಯಲ್ಲಿ ದೇಹವಿಟ್ಟ ಆ ಮಹನೀಯರ ಜೀವನವು ಭಗವಂತನು ಕೊಟ್ಟದ್ದನ್ನು ಗುರುತಿಸಿ ಬಳಸುವುದೆಂದರೇನು ಎಂಬುದಕ್ಕೆ ಉತ್ತಮ ನಿದರ್ಶನವಾಗಿರುವುದರಿಂದ ಇಲ್ಲಿ ಅದನ್ನು ಸ್ಮರಿಸಿಕೊಳ್ಳಲು ಯತ್ನಿಸಿದ್ದೇನೆ.

ರಾಮಚಂದ್ರ ಗಣೇಶ ಸಂಶಿ ಎಂಬುದು ಅವರ ಮೂಲ ಹೆಸರು. ಹುಟ್ಟಿದ್ದು 1886ನೆಯ ಇಸವಿಯ ಜನವರಿ 19ರಂದು. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಕುಂದಗೋಳವಾದ ಮೇಲೆ ಬರುವ ನಿಲ್ದಾಣವೇ ಸಂಶಿ. ಮನೆತನದ ಹೆಸರು ಆ ಊರಿನದು. ಮುಂದೆ ಸಂಗೀತಲೋಕ ಅವರನ್ನು ರಾಮಭಾವು ಕುಂದಗೋಳಕರ ಎಂದು ಕರೆಯಿತು. ತಂದೆ ಗಣೇಶರಾಯರು ಕುಂದಗೋಳದ ನಾಡಿಗೇರ ಮನೆತನದಲ್ಲಿ ಕಾರಕೂನರಾಗಿದ್ದರು. ಸಂಪತ್ತಿನ ಮನೆಯಲ್ಲ. ಆದರೆ ನಾಡಿಗೇರರ ವಾಡೆಯು ಗಾಯಕರಿಗೆ ಆಶ್ರಯಸ್ಥಾನವಾಗಿದ್ದು, ದೊಡ್ಡ ದೊಡ್ಡ ಉಸ್ತಾದರು ಅಲ್ಲಿ ಬಂದಿಳಿದು ಹಾಡುತ್ತಿದ್ದರು.

ಬಾಲಕ ರಾಮಚಂದ್ರನಿಗೆ ಶಾಲೆಯ ಪಾಠ ತಲೆಗೆ ಹತ್ತಲಿಲ್ಲ. ಪದ್ಯಗಳು ಮಾತ್ರ ಕೇಳಿದೊಡನೆ ಕಂಠಸ್ಥವಾಗುತ್ತಿದ್ದವು. ಇಂಥ ಮಗನನ್ನು ಕಂಡು ಕಾರಕೂನನಾದ ತಂದೆಯು ಕಂಗೆಡುವುದು ಸಹಜ. ಗಣೇಶರಾಯರಾದರೋ ಮಗನಿಗೆ ಯಾವುದು ಬಾರದು ಎಂಬುದನ್ನು ಬಿಟ್ಟು ಯಾವುದು ಬರುತ್ತದೆ ಎಂಬುದನ್ನು ನೋಡಿದರು. ಕುಂದಗೋಳದಲ್ಲಿಯೇ ಇದ್ದ ಬಲವಂತರಾವ ಕೊಲ್ಹಟಕರರಲ್ಲಿ ಸಂಗೀತಪಾಠಕ್ಕೆ ಹಚ್ಚಿದರು. 1898ರಲ್ಲಿ ಕೊಲ್ಹಟಕರರು ತೀರಿಕೊಳ್ಳುವ ಹೊತ್ತಿಗೆ ಹನ್ನೆರಡರ ಆ ಹುಡುಗ ಸುಮಾರು 75 ಧ್ರುಪದಗಳನ್ನೂ 25 ತರಾನಾಗಳನ್ನೂ ಇನ್ನೂ ಅನೇಕ ಚೀಜುಗಳನ್ನೂ ಕಲಿತಿದ್ದನೆಂದು ಹೇಳುತ್ತಾರೆ. ಜೀವರಲ್ಲಿ ತಾರತಮ್ಯವುಂಟು, ಪ್ರತಿಯೊಬ್ಬನ ಸ್ವರೂಪಯೋಗ್ಯತೆಯೂ ಬೇರೆ ಬೇರೆ, ಸಾಧನೆಯಿಂದ ಅದು ಅಭಿವ್ಯಕ್ತವಾಗತಕ್ಕದ್ದು ಎಂದು ನಾವು ಪ್ರವಚನಗಳಲ್ಲಿ ಕೇಳುತ್ತಲೇ ಇರುತ್ತೇವೆ. ಮನೆಗೆ ಮರಳಿದೊಡನೆ ಮಕ್ಕಳನ್ನೆಲ್ಲ ಶೇಕಡಾ ಅಂಕಗಳ ಒಂದೇ ತಕ್ಕಡಿಯಲ್ಲಿ ತೂಗುತ್ತೇವೆ! ನಾನು ರೈಲ್ವೆಯಲ್ಲಿದ್ದಾಗ ಗಾಡಿ ನಿಂತೊಡನೆ ಚಕ್ರಗಳಿಗೆ ಸುತ್ತಿಗೆಯಿಂದ ತಟ್ಟುತ್ತ ಹೋಗುವ ಒಬ್ಬ ಹಿರಿಯ ತಪಾಸಣೆಗಾರರಿದ್ದರು. ನಮಗೆ ಎಲ್ಲ ಚಕ್ರಗಳ ನಾದವೂ ಒಂದೇ. ಅವರ ಕಿವಿಗೆ ಮಾತ್ರ ಬಿರುಕು ಬಿಟ್ಟ ಚಕ್ರವು ಬೇರೆಯಾಗಿ ಕೇಳಿಸುತ್ತಿತ್ತು. ಅವರು ಓದಿದ್ದು ನಾಲ್ಕನೆಯ ಇಯತ್ತೆ. ಆ ಕಿವಿಯಿಂದ ಎಷ್ಟು ಜನ ಪ್ರಯಾಣಿಕರು ಸುರಕ್ಷಿತವಾಗಿ ಮನೆ ಸೇರಿದರೋ, ಲೆಕ್ಕವಿಟ್ಟವರಿಲ್ಲ.

ಕಿರಾಣಾ ಘರಾಣೆಯ ಖಾನ್‌ಸಾಹೇಬ ಅಬ್ದುಲ್ ಕರೀಮ್ ಖಾನರ ಗಾಯನವನ್ನು ಕೇಳಿದ ಮೇಲೆ ರಾಮಭಾವುಗಳಿಗೆ ಬೇರೆ ಗುರು ಬೇಡವಾಯಿತು. ಎಂಟು ವರ್ಷ ತಮ್ಮ ಬಳಿ ಇರಬೇಕೆಂಬ ಕರಾರಿನ ಮೇಲೆ ಖಾನ್‌ಸಾಹೇಬರು ಶಿಷ್ಯನನ್ನಾಗಿ ಸ್ವೀಕರಿಸಿದರು. ಸಂಪ್ರದಾಯಸ್ಥ ಬ್ರಾಹ್ಮಣ ಮನೆಯ ಹುಡುಗ ಮುಸಲ್ಮಾನ ಉಸ್ತಾದರ ಸೇವೆಗೆ ನಿಂತದ್ದು ಆ ಕಾಲದಲ್ಲಿ ಸಣ್ಣ ಸಂಗತಿಯಲ್ಲ. ವಿದ್ಯೆ ಎಲ್ಲಿದೆಯೋ ಅಲ್ಲಿಗೇ ಹೋಗಬೇಕಲ್ಲವೇ.

ಪರೀಕ್ಷೆ ಒದಗಿದ್ದು ಇಲ್ಲಿಯೇ. ಹರೆಯ ಬರುತ್ತಲೇ ರಾಮಭಾವುಗಳ ದನಿ ಒಡೆಯಿತು. ಬಾಲ್ಯದ ಇಂಪು ಹೋಗಿ, ಒರಟಾದ, ಹೇಳಿದಂತೆ ಕೇಳದ ಕಂಠ ಉಳಿಯಿತು. ಎದುರಿಗೆ ಕುಳಿತ ಗುರುವಿನದಾದರೋ ಎಳೆಎಳೆಯಾಗಿ ಹರಿಯುವ ಮಧುರಾತಿಮಧುರ ಕಂಠ. ಗಾಯಕನಾಗಬೇಕಾದವನಿಗೆ ಕಂಠವೇ ಕೈಕೊಟ್ಟರೆ, ಇದು ತನಗೆ ದೇವರು ಬರೆದದ್ದಲ್ಲವೆಂದು ಎದ್ದು ಹೋಗುವುದು ಸುಲಭವಾಗಿತ್ತು, ಯಾರೂ ದೂಷಿಸುತ್ತಿರಲಿಲ್ಲ. ರಾಮಭಾವುಗಳು ಏಳಲಿಲ್ಲ. ಕಂಠ ಹೋದರೂ ಸ್ವರವನ್ನು ಕೂದಲೆಳೆಯಷ್ಟೂ ತಪ್ಪದೆ ಗುರುತಿಸುವ ಕಿವಿ ಹೋಗಿರಲಿಲ್ಲ, ಸ್ಮರಣಶಕ್ತಿ ಹೋಗಿರಲಿಲ್ಲ, ಸಹನೆಯಂತೂ ಬೇಕಾದಷ್ಟಿತ್ತು. ಕಿವಿಯು ತಪ್ಪೆಂದುದನ್ನು ಕಂಠವು ಸರಿಪಡಿಸುವವರೆಗೂ ಒಂದೇ ಪಲುಕನ್ನು ಮತ್ತೆ ಮತ್ತೆ ಹಾಡಿದರು. ವರ್ಷಗಟ್ಟಲೆ ನಡೆದ ಆ ರಿಯಾಜಿನಿಂದ ಒರಟು ಕಂಠವು ಪಳಗಿ ತನ್ನದೇ ಆದ ಒಂದು ಕಾಂತಿಯನ್ನು ಪಡೆಯಿತು.

ಆದರೂ ಅದರ ಮೂಲಸ್ವಭಾವ ಪೂರ್ತಿ ಮಾಯವಾಗಲಿಲ್ಲ. ಕಚೇರಿಯ ಆರಂಭದಲ್ಲಿ ಅವರ ದನಿ ಬೇಗನೆ ಏಳುತ್ತಿರಲಿಲ್ಲವೆಂದು ಕೇಳಿದವರೆಲ್ಲ ಹೇಳಿದ್ದಾರೆ. ಉಗಿಬಂಡಿಗಳ ಕಾಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶೆಡ್ಡಿನಲ್ಲಿ ತಣ್ಣಗೆ ನಿಂತ ಎಂಜಿನ್ನಿಗೆ ಬೆಂಕಿ ಹಾಕಿದ ಮೇಲೆ ಉಗಿ ಏರಲು ಹಲವು ತಾಸು ಬೇಕು. ಅವಸರ ಮಾಡಿದರೆ ಬಾಯ್ಲರಿಗೇ ಅಪಾಯ. ಉಗಿ ಏರಿದ ಮೇಲೆ ಅದೇ ಎಂಜಿನ್ನು ಇಡೀ ಗಾಡಿಯನ್ನು ಘಾಟಿನ ಮೇಲಕ್ಕೆ ಎಳೆದೊಯ್ಯುತ್ತದೆ. ರಾಮಭಾವುಗಳು ತಮ್ಮ ಕಂಠದ ಈ ಗುಣವನ್ನು ಅರಿತು, ಅವಸರಪಡದೆ, ಮಂದ್ರದಿಂದ ಒಂದೊಂದೇ ಸ್ವರವನ್ನು ಬಿಡಿಸುತ್ತ ಹೋಗುತ್ತಿದ್ದರು. ಬಲ್ಲ ಶ್ರೋತೃಗಳು ಕಾದು ಕುಳಿತಿರುತ್ತಿದ್ದರು.

ಗುರುಗಳಿಗೆ ನಾಟಕದ ವ್ಯವಸಾಯ ಸೇರದಿದ್ದರೂ ರಾಮಭಾವುಗಳು ಮರಾಠಿ ಸಂಗೀತ ನಾಟಕ ಮಂಡಳಿಗಳನ್ನು ಸೇರಿ ಬಹಳ ವರ್ಷ ದುಡಿದರು. ‘ಸೌಭದ್ರ’ದ ಸುಭದ್ರೆಯಂತಹ ಸ್ತ್ರೀಪಾತ್ರಗಳಲ್ಲಿ ಹೆಸರಾದರು. ಆ ನಾಟಕವನ್ನು ರಚಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಮರಾಠಿ ರಂಗಭೂಮಿಯೂ ಕನ್ನಡ ನೆಲವೂ ಹೀಗೆ ಹೆಣೆದುಕೊಂಡಿವೆ. ಬಾಲಗಂಧರ್ವರ ಕೀರ್ತಿ ಮೆರೆಯುತ್ತಿದ್ದ ಆ ಕಾಲದಲ್ಲಿಯೇ ಇವರಿಗೆ ‘ಸವಾಯಿ ಗಂಧರ್ವ’, ಅಂದರೆ ಗಂಧರ್ವನಿಗಿಂತ ಕಾಲು ಪಾಲು ಮಿಗಿಲಾದವ, ಎಂಬ ಬಿರುದು ಬಂದಿತು. ಗುರುವಿನ ಇಚ್ಛೆಗೆ ವಿರುದ್ಧವಾಗಿ ನಡೆದದ್ದು ಸರಿಯೇ ಎಂದು ಕೇಳುವವರಿದ್ದಾರೆ. ಸಂಸಾರ ಸಾಗಬೇಕಾಗಿತ್ತು ಎಂಬುದನ್ನೂ ನಾವು ಮರೆಯಬಾರದು. ಅಲ್ಲದೆ ಕೆಲವೇ ನಿಮಿಷಗಳ ಪದದಲ್ಲಿ ಭಾವವನ್ನು ತುಂಬಿ ಸಾಮಾನ್ಯ ಪ್ರೇಕ್ಷಕನನ್ನು ತಲುಪುವ ಕಲೆ ಅವರಿಗೆ ರಂಗಭೂಮಿಯಿಂದಲೇ ದೊರೆಯಿತೆಂದು ನನ್ನ ಅಭಿಪ್ರಾಯ.

ಕ್ರಮೇಣ ನಾಟಕದಿಂದ ದೂರ ಸರಿದು ಕಚೇರಿಗಳಿಗೂ ಪಾಠಕ್ಕೂ ತಮ್ಮನ್ನು ಮುಡಿಪಾಗಿಟ್ಟರು. 1936ರಲ್ಲಿ ಗದಗಿನ ಜೋಶಿಯವರ ಮನೆಯ ಹುಡುಗನೊಬ್ಬ ಶಿಷ್ಯನಾಗಿ ಬಂದ. ಅಬ್ದುಲ್ ಕರೀಮ್ ಖಾನರ ಧ್ವನಿಮುದ್ರಿಕೆ ಕೇಳಿ ಹುಚ್ಚು ಹಿಡಿದು, 1933ರಲ್ಲಿ ಹನ್ನೊಂದನೆಯ ವಯಸ್ಸಿಗೇ ಮನೆ ಬಿಟ್ಟು, ಟಿಕೇಟಿಲ್ಲದೆ ರೈಲುಗಳಲ್ಲಿ ಉತ್ತರ ಹಿಂದುಸ್ಥಾನ ಸುತ್ತಿ ಬಂದ ಭೀಮಸೇನ ಈತನೇ. (ಟಿಕೇಟಿಲ್ಲದ ಪ್ರಯಾಣವನ್ನು ರೈಲ್ವೆಯವನಾಗಿ ನಾನು ಸಮರ್ಥಿಸಲಾರೆ, ಈ ಒಬ್ಬನನ್ನು ಮಾತ್ರ ಕ್ಷಮಿಸಬಹುದೇನೋ.) ಗುರುಗೃಹದಲ್ಲಿ ಕೊಡಗಟ್ಟಲೆ ನೀರು ಹೊತ್ತ ಆ ಶಿಷ್ಯನಿಗೆ ಬಹುಕಾಲ ತೋಡಿ, ಮುಲ್ತಾನಿ, ಪೂರಿಯಾ ಎಂಬ ರಾಗಗಳನ್ನೇ ತಿದ್ದಿಸಿದರು.

ಅದೇ ವರ್ಷಗಳಲ್ಲಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದೂರದ ಕುಂದಗೋಳಕ್ಕೆ, ಆಗಿನ ಮೀಟರ್‌ಗೇಜ್ ಗಾಡಿಯಲ್ಲಿ ಪಾಠಕ್ಕೆ ಬರುತ್ತಿದ್ದರು. ಪಾಠ ಮುಗಿದ ಮೇಲೆ ರಾತ್ರಿಯ ಗಾಡಿಗೆ ಅವರನ್ನು ನಿಲ್ದಾಣದವರೆಗೆ ಭೀಮಸೇನರು ಕಳುಹಿಸಿ ಬರುತ್ತಿದ್ದರಂತೆ. ಸಮಾಜವು ಕೀಳಾಗಿ ಕಂಡ ಕುಲದಿಂದ ಬಂದ ಆ ಹೆಣ್ಣುಮಗಳಿಗೆ ವಿದ್ಯೆ ಕೊಡುವಾಗ ಗುರುಗಳು ಕೈ ಹಿಂದೆಗೆಯಲಿಲ್ಲ. ಗಂಗೂಬಾಯಿಯವರ ಕಂಠವೂ ಗಂಟಲಿನ ಚಿಕಿತ್ಸೆಯ ನಂತರ ತಗ್ಗಿ, ಗಂಡುದನಿಯಂತಾಯಿತು. ಒಡೆದ ದನಿಯೊಡನೆ ಬಾಳುವುದು ಹೇಗೆಂಬುದನ್ನು ಬಲ್ಲ ಗುರುವೇ ಅವರಿಗೆ ದೊರೆತಿದ್ದುದು ಭಗವಂತನ ಸಂಕಲ್ಪವೆನ್ನದೆ ಬೇರೇನೆನ್ನಬೇಕು? ಜಿಪುಣನು ಹಣವನ್ನು ಬಳಸುವಂತೆ ಸ್ವರಗಳನ್ನು ಎಣಿಸಿ ಬಳಸಬೇಕೆಂದು ಗುರುಗಳು ಕಲಿಸಿದ್ದನ್ನು ಗಂಗೂಬಾಯಿಯವರು ವೃದ್ಧಾಪ್ಯದಲ್ಲಿಯೂ ನೆನೆಯುತ್ತಿದ್ದರು. ಮುಂಬಯಿಯ ಪಾರಸೀ ಶಿಷ್ಯ ಫಿರೋಜ್ ದಸ್ತೂರರೂ, ಧಾರವಾಡದ ಬಸವರಾಜ ರಾಜಗುರುಗಳೂ ಅವರಲ್ಲಿ ಕಲಿತವರೇ.

1937ರ ಅಕ್ಟೋಬರಿನಲ್ಲಿ ಅಬ್ದುಲ್ ಕರೀಮ್ ಖಾನರು ಪಾಂಡಿಚೇರಿಗೆ ಹೊರಟಾಗ ಪ್ರಕೃತಿ ಕೆಟ್ಟು, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು ಅಲ್ಲಿಯೇ ಪ್ರಾಣಬಿಟ್ಟರು. ಘರಾಣೆಯ ಭಾರ ಶಿಷ್ಯರ ಮೇಲೆ ಬಿತ್ತು. ಐದು ವರ್ಷಗಳೊಳಗೆ, 1942ರಲ್ಲಿ, ಸವಾಯಿ ಗಂಧರ್ವರಿಗೆ ಪಾರ್ಶ್ವವಾಯು ಹೊಡೆಯಿತು. ಅಷ್ಟು ಕಷ್ಟದಿಂದ ಪಳಗಿಸಿದ ಕಂಠವು ಕಚೇರಿಗೆ ಮತ್ತೆ ಒದಗಲಿಲ್ಲ. ಹರೆಯದಲ್ಲಿ ಒಮ್ಮೆ, ಐವತ್ತಾರರಲ್ಲಿ ಇನ್ನೊಮ್ಮೆ, ಎರಡು ಸಲ ದೇವರು ಕೊಟ್ಟದ್ದನ್ನು ಮರಳಿ ಪಡೆದನು. ಈ ಸಲವೂ ಕಿವಿ ಉಳಿದಿತ್ತು. ಹಾಡಲಾಗದ ಗುರುಗಳು ಶಿಷ್ಯರ ಸ್ವರಗಳನ್ನು ತಿದ್ದುತ್ತ ಪಾಠವನ್ನು ಮುಂದುವರಿಸಿದರು. 1946ರಲ್ಲಿ ಅವರ ಷಷ್ಟ್ಯಬ್ದಿಯ ಸಮಾರಂಭದಲ್ಲಿ ಭೀಮಸೇನರು ಹಾಡಿದಾಗ ಸಭೆಯೊಡನೆ ಗುರುಗಳೂ ತಲೆದೂಗಿದರು.

1952ರ ಸೆಪ್ಟೆಂಬರ್ 12ರಂದು ಸವಾಯಿ ಗಂಧರ್ವರು ಪುಣೆಯಲ್ಲಿ ದಿವಂಗತರಾದರು. ಮರುವರ್ಷ ಭೀಮಸೇನರೂ, ಗುರುಗಳ ಅಳಿಯ ಡಾ. ನಾನಾಸಾಹೇಬ ದೇಶಪಾಂಡೆಯವರೂ ಸೇರಿ ಪುಣ್ಯತಿಥಿಯ ನಿಮಿತ್ತ ಆರಂಭಿಸಿದ ಸಂಗೀತಸೇವೆಯೇ ಇಂದಿನ ಮಹೋತ್ಸವ. 2011ರಲ್ಲಿ ಭೀಮಸೇನರು ಕಾಲವಾದ ಮೇಲೆ ಅವರ ಹೆಸರೂ ಅದರೊಡನೆ ಕೂಡಿಕೊಂಡಿದೆ. ನಮ್ಮ ಮನೆಗಳಲ್ಲಿ ಬೆಳಗಿನ ಹೊತ್ತು ಕೇಳಿಬರುವ ಭೀಮಸೇನರ ದಾಸವಾಣಿಯಲ್ಲಿಯೂ ಕುಂದಗೋಳದ ಆ ತಿದ್ದುಗೆ ಅಡಗಿದೆ.

ಮಹೋತ್ಸವದ ಕೊನೆಯ ದಿನ ಎಲ್ಲ ಗಾಯಕರೂ ಹಾಡಿ ಮುಗಿಸಿದ ಮೇಲೆ ಸವಾಯಿ ಗಂಧರ್ವರ ಭೈರವಿಯ ಹಳೆಯ ಧ್ವನಿಮುದ್ರಿಕೆಯನ್ನು ಕೇಳಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಮೂರು ನಿಮಿಷಗಳಷ್ಟೇ. ಎದ್ದು ಚಾಪೆ ಮಡಚುತ್ತಿದ್ದವರೂ ಆಗ ಕೈ ನಿಲ್ಲಿಸಿ ಕೇಳುತ್ತಾರೆ.