ಇಂದಿನ ಚಿಂತನೆ: ಮೊದಲು ಕಲಿಯಲು ಕುಳಿತ ಮೇಷ್ಟ್ರು





ಹರ್ಮನ್ ಮೋಗ್ಲಿಂಗ್ 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. 1836ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಮಂಗಳೂರಿಗೆ ಬಂದರು. ಬಂದದ್ದು ತಮ್ಮ ಧರ್ಮ ಸಾರಲು. ಆದರೆ ಮೊದಲು ಕನ್ನಡ ಕಲಿಯಲು ಕುಳಿತರು. ಹುಡುಗರಿಗೆ ವಸತಿಶಾಲೆ ನಡೆಸಿ, ಅವರ ಜೊತೆಗೇ ಇದ್ದು, ಅವರು ಉಂಡದ್ದನ್ನೇ ಉಂಡರು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರತಂದರು. ಮುಂದೆ ಕೊಡಗಿನಲ್ಲಿ, ಜೀತದಲ್ಲಿ ಬೆಂದು ಕ್ರೈಸ್ತರಾದ ಹೊಲೆಯ ಕುಟುಂಬಗಳಿಗೆ ಆನಂದಪುರ ಎಂಬ ಊರು ಕಟ್ಟಿದರು. 1860ರಲ್ಲಿ ತಾಯ್ನಾಡಿಗೆ ಮರಳಿ, 1881ರಲ್ಲಿ ತೀರಿಕೊಂಡರು.

ವಿಜಯನಗರದಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳುವ ನನ್ನನ್ನು ಆನಂದಪುರ ತಡೆದು ನಿಲ್ಲಿಸುತ್ತದೆ. ಅಕ್ಷರದ ಜೊತೆ ಕಾಲೂರಲು ನೆಲವೂ ಬೇಕೆಂಬುದು ಆ ಮೇಷ್ಟ್ರಿಗೆ ಕಂಡಿತ್ತು. ಆದರೆ ಆ ನೆಲದ ಜೊತೆ ಬಂದ ಧರ್ಮ ಅವರದು. ಬಾಬಾಸಾಹೇಬರ ದಾರಿ ಬೇರೆ. ವರ್ಷಗಟ್ಟಲೆ ಓದಿ, ತೂಗಿ ನೋಡಿ, 1956ರಲ್ಲಿ ತಾವೇ ಧಮ್ಮವನ್ನು ಆರಿಸಿಕೊಂಡರು. ಕಲಿಸಿದವರ ಉಪಕಾರ ನೆನೆಯೋಣ; ಆರಿಸಿಕೊಳ್ಳುವ ಹಕ್ಕನ್ನು ಮಾತ್ರ ಯಾರ ಕೈಗೂ ಕೊಡದಿರೋಣ.

*ಇಂದಿನ ಅಭ್ಯಾಸ:* ಮಕ್ಕಳಿಗೆ ಪಾಠ ಹೇಳುವಾಗ ಅವರ ಪಕ್ಕದಲ್ಲೇ ಕುಳಿತು ಹೇಳೋಣ. ತೀರ್ಮಾನ ಅವರಿಗೇ ಬಿಡೋಣ.

ಎಲ್ಲರಿಗೂ ಮಂಗಳವಾಗಲಿ 🙏