ಕಲ್ಲಿನ ಪದರ ಓದಿದ ರಾಬರ್ಟ್ ಬ್ರೂಸ್ ಫೂಟ್

ರಾಬರ್ಟ್ ಬ್ರೂಸ್ ಫೂಟ್ ಅವರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿ 33 ವರ್ಷ ದುಡಿದರು. 1863ರಲ್ಲಿ ಮದ್ರಾಸಿನ ಹತ್ತಿರದ ಪಲ್ಲಾವರದಲ್ಲಿ ಅವರಿಗೆ ಆದಿಮಾನವನ ಕಲ್ಲಿನ ಆಯುಧ ಸಿಕ್ಕಿತು. ಇದರಿಂದಲೇ ಅವರು ಪ್ರಸಿದ್ಧರು. ಆದರೆ ಕನ್ನಡ ನಾಡಿನ ಕಲ್ಲುಗಳ ಬಗ್ಗೆ ಅವರು ಮಾಡಿದ ಕೆಲಸ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಬಾಗಲಕೋಟೆ ಕಡೆಯ ಕಲ್ಲುಗಳಿಗೆ ಕಲಾದಗಿ ಊರಿನ ಹೆಸರಿಟ್ಟು, 1876ರಲ್ಲಿ ಅವರು ದೊಡ್ಡ ವರದಿ ಪ್ರಕಟಿಸಿದರು. ಮುಂದೆ 1880ರ ದಶಕದಲ್ಲಿ, ನಾಡಿನ ಉದ್ದಕ್ಕೂ ಹಬ್ಬಿರುವ ಶಿಸ್ಟ್ ಕಲ್ಲಿನ ಪಟ್ಟಿಗಳಿಗೆ ಧಾರವಾಡ ಎಂಬ ಹೆಸರು ಕೊಟ್ಟರು. ನಮ್ಮ ನುಗ್ಗೇಹಳ್ಳಿಯ ಹೆಸರಿನಲ್ಲೂ ಒಂದು ಶಿಸ್ಟ್ ಪಟ್ಟಿ ಇದೆ. ಬೈರಾಪುರದ ಕ್ರೋಮೈಟ್ ಸಿಗುವುದು ಅದರಲ್ಲೇ.

ಇಷ್ಟು ಹಳೆಯ ಕಲ್ಲಿನಲ್ಲಿ ಜೀವದ ಗುರುತು ಇರಲಾರದು ಎಂಬುದು ಆ ಕಾಲದ ಸಾಮಾನ್ಯ ನಂಬಿಕೆ. ಆದರೆ ಗುರುತು ಇತ್ತು. ಅದೇ ಸ್ಟ್ರೊಮ್ಯಾಟೊಲೈಟ್. ಆಳವಿಲ್ಲದ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಅಂಟಾದ ಚಾಪೆಯಂತೆ ಹರಡುತ್ತವೆ. ಅದರ ಮೇಲೆ ಸಣ್ಣ ಮಣ್ಣು, ಸುಣ್ಣ ಕೂರುತ್ತದೆ. ಬಿಸಿಲಿಗಾಗಿ ಜೀವಿಗಳು ಮೇಲೆ ಬಂದು ಹೊಸ ಚಾಪೆ ಹಾಸುತ್ತವೆ. ಹೀಗೆ ಪದರದ ಮೇಲೆ ಪದರ ಬೆಳೆದು ಗುಮ್ಮಟದ ಆಕಾರದ ಕಲ್ಲಾಗುತ್ತದೆ. ನಮ್ಮ ಮನೆಯ ಉರ್ದುವಿನಲ್ಲಿ ಪದರಕ್ಕೆ ಪರತ್ ಎನ್ನುತ್ತೇವೆ. ಪರೋಟ ಮುರಿದರೆ ಕಾಣುವಂಥದ್ದೇ.

ಮಳೆನೀರಿನಲ್ಲಿರುವ ಸ್ವಲ್ಪ ಆಮ್ಲ ಸುಣ್ಣದ ಪದರವನ್ನು ನಿಧಾನವಾಗಿ ಕರಗಿಸುತ್ತದೆ. ಗಟ್ಟಿಯಾದ ಸಿಲಿಕಾ ಪದರ ಕರಗದೆ ಗೆರೆಯಂತೆ ಎದ್ದು ನಿಲ್ಲುತ್ತದೆ. ಆದ್ದರಿಂದ ಸವೆದ ಬಂಡೆಯಲ್ಲೇ ಪದರಗಳು ಚೆನ್ನಾಗಿ ಕಾಣುತ್ತವೆ. ಆದರೆ ತೀರಾ ಸವೆದರೆ ಏನೂ ಉಳಿಯುವುದಿಲ್ಲ.

ಈ ಕಲ್ಲಿಗೆ ಜರ್ಮನಿಯ ಕಾಲ್ಕೋವ್ಸ್ಕಿ ಹೆಸರಿಟ್ಟದ್ದು 1908ರಲ್ಲಿ. ಆಗ ಫೂಟ್ ಅವರಿಗೆ 70 ದಾಟಿತ್ತು. 1912ರ ಡಿಸೆಂಬರ್ 29ರಂದು ಅವರು ಕಲ್ಕತ್ತದಲ್ಲಿ ತೀರಿಕೊಂಡರು. ಕಲಾದಗಿ ಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಪತ್ತೆಯಾದದ್ದು ಅವರ ನಂತರ. 1980ರ ದಶಕದಲ್ಲಿ, ನಮ್ಮ ಪಕ್ಕದ ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲೂ ಅವು ಇರುವುದನ್ನು ವಿಜ್ಞಾನಿಗಳು ವರದಿ ಮಾಡಿದರು. ಅವುಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು.

ಫೂಟ್ ಅವರು ತಮ್ಮ ದುಡಿಮೆಯ ಪೂರ್ತಿ ಫಲ ನೋಡಲಿಲ್ಲ. ಆದರೂ ಕಂಡದ್ದನ್ನು ಸರಿಯಾಗಿ ಬರೆದಿಟ್ಟರು. ಮುಂದಿನವರು ಆ ಲೆಕ್ಕವನ್ನು ಮುಂದುವರಿಸಿದರು. ಸುಣ್ಣಕಲ್ಲು ಸಿಮೆಂಟಿಗೂ ಬೇಕು, ನಿಜ. ಆದರೆ ಕೋಟಿಗಟ್ಟಲೆ ವರ್ಷದ ಮಳೆ ಉಳಿಸಿದ್ದನ್ನು ಒಂದೇ ದಿನದ ಸಿಡಿಮದ್ದು ಮುಗಿಸಬಹುದು. ಒಡೆಯುವ ಮೊದಲು ಒಮ್ಮೆ ಬಗ್ಗಿ ನೋಡುವುದನ್ನು ನಾವು ಅವರಿಂದ ಕಲಿಯೋಣ.