ಪದಬಂಧದಲ್ಲಿ ಸಿಗದ ಹೆಸರು

ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ಸೀಟು ಸಿಕ್ಕರೆ, ಮೊಬೈಲಿನಲ್ಲಿ ನಾನು ಮೊದಲು ತೆರೆಯುವುದು ಕನ್ನಡ ಪದಬಂಧ. ಧಾರವಾಡದಲ್ಲಿ ಅಪ್ಪನೂ ಅದನ್ನೇ ಬಿಡಿಸುತ್ತಿರುತ್ತಾರೆ.

ಈ ಆಟ ಹುಟ್ಟುಹಾಕಿದವರು ಆರ್ಥರ್ ವಿನ್. 1871ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಅವರೂ ನಮ್ಮಂತೆ ಊರು ಬಿಟ್ಟವರೇ. ಇಪ್ಪತ್ತರ ಆಸುಪಾಸಿನಲ್ಲಿ ಅಮೆರಿಕ ಸೇರಿ ಪತ್ರಕರ್ತರಾದರು. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ವಜ್ರದಾಕಾರದ ‘ವರ್ಡ್-ಕ್ರಾಸ್’ ಕೊಟ್ಟರು. ಕೆಲವೇ ವಾರಗಳಲ್ಲಿ ಅದು ತಿರುವುಮುರುವಾಗಿ ‘ಕ್ರಾಸ್-ವರ್ಡ್’ ಎಂದು ಅಚ್ಚಾಯಿತು, ಹಾಗೇ ಉಳಿಯಿತು.

ಅದಕ್ಕೆ ಅವರ ಬಳಿ ಪೇಟೆಂಟ್ ಇರಲಿಲ್ಲ. 1924ರಲ್ಲಿ ಪದಬಂಧದ ಮೊದಲ ಪುಸ್ತಕ ತಂದು ದುಡ್ಡು ಮಾಡಿದವರು ಬೇರೆಯವರು. 1945ರಲ್ಲಿ ವಿನ್ ಫ್ಲಾರಿಡಾದಲ್ಲಿ ತೀರಿಕೊಂಡರು. ಆಮೇಲೆ ನಮ್ಮಲ್ಲೂ ಪದಬಂಧ ದುಡ್ಡಿನ ಆಟವಾಯಿತು: ಬೆಂಗಳೂರಿನಲ್ಲಿ ಅಚ್ಚಾಗಿ ಮುಂಬೈ ರಾಜ್ಯದಲ್ಲಿ ಶುಲ್ಕ ಎತ್ತುತ್ತಿದ್ದ ಬಹುಮಾನದ ಪದಬಂಧವನ್ನು 1957ರಲ್ಲಿ ಸುಪ್ರೀಂ ಕೋರ್ಟ್ ಜೂಜೆಂದೇ ತೀರ್ಮಾನಿಸಿತು.

ನಾನು ಬರೆಯುವ ಕೋಡಿನಲ್ಲೂ ನನ್ನ ಹೆಸರಿರುವುದಿಲ್ಲ. ಮೊದಲು ಬೇಸರವಾಗುತ್ತಿತ್ತು. ಅವ್ವ ಹೋದ ಮೇಲೆ ಅಪ್ಪನಿಗೂ ನನಗೂ ಮಾತೇ ನಿಂತಂತಾಗಿತ್ತು. ಈಗ ಗಾಡಿ ಠಾಣೆ ದಾಟುವಷ್ಟರಲ್ಲಿ ಅವರ ಫೋನ್ ಬರುತ್ತದೆ. ಮೇಲಿಂದ ಕೆಳಕ್ಕೆ ಏಳನೆಯದು ಸಿಕ್ಕಿತೇ ಎಂದು ಕೇಳುತ್ತಾರೆ. ಸಿಕ್ಕಿದ್ದರೂ ಒಮ್ಮೊಮ್ಮೆ ಇಲ್ಲ ಎನ್ನುತ್ತೇನೆ. ವಿನ್ ಯಾರೆಂದು ಅಪ್ಪನಿಗೆ ಇನ್ನೂ ಹೇಳಿಲ್ಲ.